ಕಾಲುವೆ ವಾರ್ಡಿನ ಬಿಳಿ ಡಬ್ಬಿ

ಕಾಲುವೆ ವಾರ್ಡಿನ ಹಳೆಯ ಚುನಾವಣೆಗಳ ವಿವರ ಟೈಪ್ ಮಾಡಿಕೊಡು ಎಂದು ಹೆಡ್ ಗುಮಾಸ್ತರು ಫೈಲನ್ನು ನನ್ನ ಮುಂದಿಟ್ಟಾಗ, ಒಂದಿಡೀ ಬೆಳಗಿನ ಕೆಲಸ ಸಿಕ್ಕಿತೆಂದು ನಾನು ಬೆರಳಿನ ನೆಟಿಕೆ ಮುರಿದುಕೊಂಡು ಕೂತೆ. ಐದು ನಿಮಿಷಕ್ಕೆ ಕೆಲಸ ಮುಗಿಯಿತು. ಮೂರು ಚುನಾವಣೆ, ಮೂರು ಸಾಲು. ಮೂರರಲ್ಲೂ ಅಕ್ಕಿ ಗಿರಣಿಯ ಸಾಹುಕಾರರ ಹೆಸರು, ಹೆಸರಿನ ಮುಂದೆ ‘ಅವಿರೋಧ ಆಯ್ಕೆ’. ಅಷ್ಟೇ.

“ಉಳಿದ ಹಾಳಿ ಎಲ್ಲದಾವ್ರಿ?” ಎಂದು ಕೇಳಿದೆ.

“ಅಷ್ಟ ಅದಾವಪಾ,” ಎಂದರು ಹೆಡ್ ಗುಮಾಸ್ತರು, ತಲೆ ಎತ್ತದೆ. “ಆ ವಾರ್ಡಿನಾಗ ಓಟು ಆಗಂಗಿಲ್ಲ. ಸಾವ್ಕಾರ್ರು ನಿಂದರ್ತಾರ, ಉಳಿದವರು ಕುಂದರ್ತಾರ.”

ನಾನು ಆಗ ಹೊಸಪೇಟೆ ಕೌನ್ಸಿಲ್ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್. ಟೈಪಿಂಗನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಲಿತದ್ದು. ಚುನಾವಣೆಯ ನಿಯಮಗಳ ಪುಸ್ತಕವನ್ನೂ ಹಾಗೆಯೇ ಓದಿದ್ದೆ. ಮದ್ರಾಸಿನಿಂದ ಬಂದ ಆ ಪುಸ್ತಕ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ನನಗೆ ಅದು ಪತ್ತೇದಾರಿ ಕಥೆಯಷ್ಟು ರುಚಿಸಿತು. ಪೆಟ್ಟಿಗೆ ಹೇಗಿರಬೇಕು, ಅರಗು ಎಲ್ಲಿ ಹಾಕಬೇಕು, ಪರದೆ ಯಾವ ಕಡೆ ಕಟ್ಟಬೇಕು, ಎಲ್ಲ ಬಾಯಿಪಾಠ. ಆದರೆ ಒಂದು ಚುನಾವಣೆಯನ್ನೂ ಕಣ್ಣಾರೆ ಕಂಡಿರಲಿಲ್ಲ.

ಹಾಗಾಗಿ ಆ ಫೈಲನ್ನು ಬಿಡಲಿಲ್ಲ, ಕೆದಕಿದೆ. ಪ್ರತಿ ಸಲವೂ ಇಬ್ಬರೋ ಮೂವರೋ ಎದುರಾಳಿಗಳು ನಾಮಪತ್ರ ಹಾಕಿದ್ದರು. ಪ್ರತಿ ಸಲವೂ ಕೊನೆಯ ದಿನ ಎಲ್ಲರೂ ವಾಪಸು ಪಡೆದಿದ್ದರು. ವಾಪಸಾತಿಯ ಅರ್ಜಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಹೆಬ್ಬೆಟ್ಟು ಬೇರೆ ಬೇರೆ, ಬರವಣಿಗೆ ಮಾತ್ರ ಒಂದೇ ಕೈಯದು. ಮುತ್ತು ಪೋಣಿಸಿದ ಹಾಗೆ ದುಂಡನೆಯ ಅಕ್ಷರ. ಆ ಅಕ್ಷರ ಊರಿಗೆಲ್ಲ ಪರಿಚಿತ. ಅಕ್ಕಿ ಗಿರಣಿಯ ಗುಮಾಸ್ತರದು.

ನಡೆಯುತ್ತಿದ್ದದ್ದು ಹೀಗೆ. ನಾಮಪತ್ರ ಹಾಕಿದವರಿಗೆಲ್ಲ ಗಿರಣಿಯ ಅಂಗಳಕ್ಕೆ ಕರೆ ಬರುತ್ತಿತ್ತು. ಜಮಖಾನ ಹಾಸಿ, ಚಹಾ ಕೊಟ್ಟು, ಕೊನೆಗೆ ಸಾಹುಕಾರರು ತಾವೇ ತಟ್ಟೆಯಲ್ಲಿ ವೀಳ್ಯ ಹಿಡಿಯುತ್ತಿದ್ದರು. ಅವರ ಕೈಯಿಂದ ವೀಳ್ಯ ತೆಗೆದುಕೊಂಡರೆ ಮಾತು ಒಪ್ಪಿದ ಹಾಗೆ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬಾಯಲ್ಲಿ ಎಲೆ ಅಡಿಕೆ ಇರುವಾಗಲೇ ಹೆಬ್ಬೆಟ್ಟು ಒತ್ತಿ ಮನೆಗೆ ಬರುವುದು. ಕಾಲುವೆ ದಂಡೆಯ ನೇಕಾರರು, ಗಾಡಿ ಹೊಡೆಯುವವರು, ಬಡಿಗೇರರು, ಕಾಯಿಪಲ್ಲೆ ಮಾರುವವರು, ಇವರಲ್ಲಿ ಯಾರೂ ಆ ವಾರ್ಡಿನಲ್ಲಿ ಒಂದು ಸಲವೂ ಓಟು ಹಾಕಿರಲಿಲ್ಲ. ಊರಿನ ಉಳಿದ ವಾರ್ಡುಗಳಿಗೆ ನಲ್ಲಿ ಬಂದರೂ ಅವರು ಕಾಲುವೆಯ ನೀರನ್ನೇ ಸೋಸಿ ಕುಡಿಯುತ್ತಿದ್ದರು.

ಆ ಸಲ ಗಾಡಿ ಗಾಲಿ ಮಾಡುವ ಒಬ್ಬ ಬಡಿಗೇರರು ನಾಮಪತ್ರ ಹಾಕಿದರು. ಅವರಿಗೂ ಗಿರಣಿಗೆ ಕರೆ ಬಂತು, ಹೋದರು, ಚಹಾ ಕುಡಿದರು. ತಟ್ಟೆ ಮುಂದೆ ಬಂದಾಗ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು, “ತಪ್ಪು ತಿಳ್ಕೋಬ್ಯಾಡ್ರಿ ಸಾವ್ಕಾರ್ರ, ನಾಕು ದಿನದಿಂದ ಹಲ್ಲು ಭಾಳ ನೋಯಾಕತ್ತೈತಿ. ಎಲಿ ಅಡಿಕಿ ಆಗಂಗಿಲ್ಲ,” ಎಂದರಂತೆ.

ಸಾಹುಕಾರರು, “ಕೈಯಾಗರ ಹಿಡ್ಕೋ, ಮನಿಯಾಗ ಕೊಡು,” ಎಂದರಂತೆ.

“ಮನಿಯಾಕಿದೂ ಹಲ್ಲು ನೋಯ್ತಾವ್ರಿ.”

ಈ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ನಮ್ಮ ಕಚೇರಿಗೂ ಬಂತು. ವಾಪಸಾತಿಯ ಕೊನೆಯ ಗಂಟೆಯವರೆಗೂ ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ದುಂಡಕ್ಷರದ ಕಾಗದ ಬರಲಿಲ್ಲ. ಕಾಲುವೆ ವಾರ್ಡಿನಲ್ಲಿ ಓಟು ನಡೆಯಲೇಬೇಕಾಯಿತು. ಆ ಸಂಜೆ ನಾನು ನಡೆದು ಮನೆಗೆ ಹೋಗಲಿಲ್ಲ, ಓಡಿದೆ.

ಓಟು ನಡೆಸಲು ಬಳ್ಳಾರಿಯಿಂದ ಒಬ್ಬ ಅಧಿಕಾರಿ ಬಂದರು. ಮನೆಮಾತು ತೆಲುಗು, ನಮ್ಮೊಂದಿಗೆ ಕನ್ನಡ. ಕೋಟು, ಪೇಟ, ಮೂಗಿನ ತುದಿಯಲ್ಲಿ ಕನ್ನಡಕ. ಕೆಲಸ ಮುಗಿದ ಮರುದಿನ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಬೇಕು, ಅದಕ್ಕೊಂದು ಜಟಕಾ ಗೊತ್ತು ಮಾಡು ಎಂಬುದು ಅವರು ನನಗೆ ಕೊಟ್ಟ ಮೊದಲ ಆಜ್ಞೆ. ಎರಡನೆಯದು, ಡಬ್ಬಿಗಳನ್ನು ಸಿದ್ಧ ಮಾಡುವುದು.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓದು ಬಾರದವರೇ ಹೆಚ್ಚಾದ್ದರಿಂದ ಚೀಟಿಯಲ್ಲಿ ಹೆಸರು ಹುಡುಕುವ ಪದ್ಧತಿ ಇರಲಿಲ್ಲ. ನಿಂತ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಡಬ್ಬಿ. ಓಟು ಹಾಕುವವರು ಹೆಸರು ಹೇಳಿ, ಹಿಂಭಾಗದಲ್ಲಿ ಮುದ್ರೆ ಒತ್ತಿದ ಚೀಟಿ ಪಡೆದು, ಪರದೆಯ ಹಿಂದೆ ಒಬ್ಬರೇ ಹೋಗಿ, ಬೇಕಾದ ಬಣ್ಣದ ಡಬ್ಬಿಯ ಸೀಳಿನಲ್ಲಿ ಚೀಟಿ ಹಾಕಿ ಬರುವುದು. ಅಲ್ಲಿ ಬಣ್ಣವೇ ಹೆಸರು. ಚೀಟಿ ಎತ್ತಿ ಬಣ್ಣ ಹಂಚಿದಾಗ ಸಾಹುಕಾರರಿಗೆ ಕೆಂಪು ಬಂತು, ಬಡಿಗೇರರಿಗೆ ಬಿಳಿ.

ಕಚೇರಿಯ ಅಟ್ಟದಲ್ಲಿ ಎರಡು ಹಳೆಯ ತೇಗದ ಡಬ್ಬಿಗಳಿದ್ದವು. ಕೆಂಪು ಎಣ್ಣೆಬಣ್ಣ ಊರಲ್ಲೇ ಸಿಕ್ಕಿತು, ಗಾಡಿಗಳಿಗೆ ಬಳಿಯುವಂಥದು. ಬಿಳಿ ಬಣ್ಣಕ್ಕೆ ಬಳ್ಳಾರಿಗೆ ಬರೆದಿದ್ದೆ. ಓಟಿನ ಹಿಂದಿನ ದಿನ ಎರಡು ಸಲ ಸ್ಟೇಷನ್ನಿಗೆ ಹೋಗಿ ಬಂದೆ. ರೈಲು ಬಂತು, ಬಣ್ಣದ ಡಬ್ಬ ಬರಲಿಲ್ಲ.

ಅಧಿಕಾರಿಗೆ ಹೇಳಬಹುದಿತ್ತು. ಹೇಳಲಿಲ್ಲ. ತಾನಾಗಿ ಕಲಿತವನಿಗೆ ಒಂದು ಜಂಬ ಇರುತ್ತದೆ, ನನಗೆ ಗೊತ್ತಿಲ್ಲ, ನನ್ನಿಂದ ಆಗಲಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಓಟು ನಡೆಯಬೇಕಿದ್ದ ಕಾಲುವೆ ದಂಡೆಯ ಶಾಲೆಗೆ ಅವತ್ತೇ ಸುಣ್ಣ ಹೊಡೆಯುತ್ತಿದ್ದರು. ಬಕೆಟ್ಟಿನಲ್ಲಿ ಆಗತಾನೆ ಅರಳಿದ ಸುಣ್ಣ ಇತ್ತು. ಒಂದು ಚೊಂಬು ತೆಗೆದುಕೊಂಡೆ, ಉದುರದಿರಲಿ ಎಂದು ಅಂಟು ಕಲಸಿದೆ, ಡಬ್ಬಿಗೆ ಎರಡು ಸಲ ಬಳಿದೆ. ಒಣಗಿದ ಮೇಲೆ ನೋಡಿದರೆ ಹಾಲಿನ ಕೆನೆಯ ಹಾಗೆ ಬೆಳ್ಳಗೆ! ಕೆಂಪು ಡಬ್ಬಿಗಿಂತ ಇದೇ ಚೆಂದ ಕಂಡಿತು. ಸಂಜೆ ಅಧಿಕಾರಿ, “ಏಮಯ್ಯಾ, ಬಣ್ಣ ಬಂತಾ?” ಎಂದು ಕೇಳಿದರು.

“ಡಬ್ಬಿ ಬಿಳಿ ಆಗೈತ್ರಿ ಸಾರ್,” ಎಂದೆ. ಸುಳ್ಳಲ್ಲ. ನಿಜವೂ ಅಲ್ಲ.

ಅದಕ್ಕೂ ಮೊದಲೇ ನಾಲ್ಕೈದು ದಿನ ನಾನು ಓಣಿ ಓಣಿ ತಿರುಗಿದ್ದೆ. ಎರಡು ತಗಡಿನ ಡಬ್ಬ, ಒಂದಿಷ್ಟು ಕಾಗದದ ಚೂರು ಹಿಡಿದು ಓಟು ಹಾಕುವುದು ಹೇಗೆಂದು ಕಟ್ಟೆಯ ಮೇಲೆ ತೋರಿಸುವುದು. ಮನೆಪಟ್ಟಿ, ಎಂದರೆ ಮನೆಯ ತೆರಿಗೆ, ಯಾರ ಹೆಸರಿನಲ್ಲಿದೆಯೋ ಅವರಿಗಷ್ಟೇ ಓಟು. ಗಾಡಿಯವರು ಕಂಪ್ಲಿ, ಸೊಂಡೂರು ಎಂದು ವಾರಗಟ್ಟಲೆ ಊರಾಚೆ ಇರುತ್ತಿದ್ದುದರಿಂದ ಆ ಓಣಿಗಳಲ್ಲಿ ಬಹಳ ಮನೆಗಳು ಹೆಂಗಸರ ಹೆಸರಿನಲ್ಲಿದ್ದವು. ಓಟುದಾರರ ಪಟ್ಟಿ ಟೈಪ್ ಮಾಡುವಾಗಲೇ ನನಗೆ ಇದು ಗೊತ್ತಾಗಿತ್ತು. ಸಾಹುಕಾರರಿಗೆ ಗೊತ್ತಿರಲಿಲ್ಲ. ಅವರು ಆ ಓಣಿಗಳಿಗೆ ಕಾಲಿಟ್ಟವರೇ ಅಲ್ಲ.

“ನಾವು ಯಾರಿಗೆ ಹಾಕಿದ್ವಿ ಅಂತ ಸಾವ್ಕಾರ್ರಿಗೆ ತಿಳೀತದೇನು?” ಎಂದು ಒಬ್ಬಾಕೆ ಕೇಳಿದಳು.

“ಯಾರಿಗೂ ತಿಳಿಯಂಗಿಲ್ಲವ್ವ. ಗಂಡಗೂ ಹೇಳಬ್ಯಾಡ.”

“ಅಯ್ಯ, ಗಂಡಗ ಹೇಳದ ಮಾತು ಭಾಳ ಅದಾವ. ಇದೊಂದು ಹೆಚ್ಚಾಗಂಗಿಲ್ಲ ತಗಿ!”

ಇನ್ನೊಬ್ಬಾಕೆ, “ನನ್ನ ತವರು ಸೊಂಡೂರು. ಅಲ್ಲಿ ರಾಜರು ಅದಾರ. ಡಬ್ಬಿ ಗಿಬ್ಬಿ ತ್ರಾಸಿಲ್ಲ,” ಎಂದಳು.

“ಹಂಗಾರ ನಿನ್ನ ಚೀಟಿ ನನಗ ಕೊಡು, ನಾನ ಎರಡು ಹಾಕ್ತೀನಿ,” ಎಂದು ಕೇಳಿದ್ದು ಆ ಓಣಿಯ ಸೂಲಗಿತ್ತಿ ಅಜ್ಜಿ. ಆ ವಾರ್ಡಿನ ಅರ್ಧ ಜನ ಭೂಮಿಗೆ ಬಂದದ್ದು ಆಕೆಯ ಕೈಯ ಮೇಲೆಯೇ. ತವರಿನ ಹೆಮ್ಮೆಯಾಕೆ ತಟ್ಟನೆ, “ಕೊಡಂಗಿಲ್ಲ ನೋಡು, ನಂದು ನಾನ ಹಾಕ್ತೀನಿ,” ಎಂದಳು.

ಓಟಿನ ಬೆಳಗು ಬಂತು. ಶಾಲೆಯ ದೊಡ್ಡ ಕೋಣೆಯ ಮೂಲೆಯಲ್ಲಿ ಜಮಖಾನದ ಪರದೆ, ಅದರ ಹಿಂದೆ ಬೆಂಚಿನ ಮೇಲೆ ಎರಡು ಡಬ್ಬಿ. ಲಾಟೀನು ಇಟ್ಟರೂ ಒಳಗೆ ಬೆಳಕು ಸಾಲದು ಎಂದು ನಾನೇ ಒಂದು ಹಂಚು ತೆಗೆಸಿದ್ದೆ. ಡಬ್ಬಿಗಳು ಖಾಲಿ ಎಂದು ಎರಡೂ ಕಡೆಯ ಏಜೆಂಟರಿಗೆ ತೋರಿಸಿ, ಬೀಗ ಹಾಕಿ, ದಾರ ಕಟ್ಟಿ, ಅರಗು ಒತ್ತಿ ಆಯಿತು. ಸಾಹುಕಾರರ ಏಜೆಂಟು ಗಿರಣಿಯ ಗುಮಾಸ್ತರು, ಸೊಂಟಕ್ಕೆ ಅಡಿಕೆ ಚೀಲ ಸಿಕ್ಕಿಸಿಕೊಂಡು ಬಂದಿದ್ದರು. ಬಡಿಗೇರರ ಏಜೆಂಟು ಅವರ ತಮ್ಮ. ಬಾಗಿಲು ತೆಗೆದಾಗ ಹೊರಗೆ ಕಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕಾಲುವೆಯ ತನಕ ಸಾಲು. ಹೆಂಗಸರು ತಲೆಗೆ ಎರೆದುಕೊಂಡು, ಹಸಿ ಕೂದಲಿಗೆ ತುದಿ ಗಂಟು ಹಾಕಿ, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬಂದಿದ್ದರು.

ಅಡುಗೆಗೆ ಹೊತ್ತಾಗುತ್ತದೆಂದು ಹೆಂಗಸರ ಸಾಲನ್ನು ಮೊದಲು ಬಿಟ್ಟೆವು. ಮೊದಲನೆಯದಾಗಿ ಸೂಲಗಿತ್ತಿ ಅಜ್ಜಿ. ಚೀಟಿ ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಸ್ವಲ್ಪ ಹೆಚ್ಚೇ ಹೊತ್ತು ಆಯಿತು. ಹೊರಗೆ ಬಂದಾಗ ಕೈ ಮುಗಿದುಕೊಂಡಿದ್ದಳು. ಎರಡನೆಯವಳು ಆಕೆಯ ಸೊಸೆ, ಅವಳಿಗೂ ಹೊತ್ತು ಹಿಡಿಯಿತು. ಮೊದಲ ಸಲ ಅಲ್ಲವೇ, ಆಗಲಿ ಬಿಡು ಅಂದುಕೊಂಡೆ. ಮೂರನೆಯವಳು ಆ ಸೊಂಡೂರು ತವರಿನಾಕೆ. ಒಳಗೆ ಹೋದವಳು ಚೀಟಿ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಳು.

“ಏನ್ರಿ ಇದು? ಬಿಳಿ ಡಬ್ಬಿ ಎಲ್ಲಿ ಮುಚ್ಚಿಟ್ಟೀರಿ? ಎರಡೂ ಕೆಂಪ ಅದಾವಲ್ಲ!”

ಅಧಿಕಾರಿ ಇಬ್ಬರು ಏಜೆಂಟರನ್ನು ಕರೆದುಕೊಂಡು ಪರದೆ ಸರಿಸಿದರು. ನಾನು ಅವರ ಹೆಗಲ ಮೇಲಿಂದ ಇಣುಕಿದೆ. ನನ್ನ ಹಾಲಿನ ಕೆನೆಯ ಡಬ್ಬಿ ಇರಲಿಲ್ಲ. ಆ ಜಾಗದಲ್ಲಿ ನಾಲ್ಕೂ ಮಗ್ಗುಲು ಕೆಂಪಗೆ ಒದ್ದೆಯಾದ ಒಂದು ಡಬ್ಬಿ ಕೂತಿತ್ತು. ಬೆಂಚಿನ ತುದಿಯಲ್ಲಿ ಒಂದು ಹಿತ್ತಾಳೆ ಬಟ್ಟಲು, ಅದರ ತಳದಲ್ಲಿ ಹಳದಿ ನೀರು.

ಅರಿಶಿನ. ಅಜ್ಜಿ ಹೊಸ್ತಿಲಿಗೆ ಬಳಿಯುವ ಹಾಗೆ ಡಬ್ಬಿಗಳಿಗೆ ಅರಿಶಿನ ಬಳಿದು, ಕಣ್ಣು ಮುಚ್ಚಿ ಪೂಜೆ ಮಾಡಿದ್ದಳು. ಸೊಸೆ ಉಳಿದದ್ದನ್ನು ಮಗ್ಗುಲಿಗೆಲ್ಲ ಸವರಿ ಮುಗಿಸಿದ್ದಳು. ಕೆಂಪು ಡಬ್ಬಿಯ ಎಣ್ಣೆಬಣ್ಣದ ಮೇಲೆ ಅದು ಜಾರಿ ಇಳಿದಿತ್ತು. ಬಿಳಿ ಡಬ್ಬಿಯ ಹೊಸ ಸುಣ್ಣಕ್ಕೆ ಕೂಡಿದ ಅರಿಶಿನ ಏನಾಗಬೇಕೋ ಅದೇ ಆಗಿತ್ತು. ಆರತಿ ತಟ್ಟೆಯ ಓಕುಳಿ.

ಗಿರಣಿ ಗುಮಾಸ್ತರು ಎಲ್ಲರಿಗಿಂತ ಮೊದಲು ಬಾಯಿ ತೆರೆದರು. “ಸಾಹೇಬರ, ಓಟು ಹಾಕಾಕ ಬಂದವರು ಡಬ್ಬಿ ಕೆಡಿಸ್ಯಾರ. ಇದು ಗುನ್ನೆ. ಓಟು ನಿಲ್ಲಸ್ರಿ.”

ಅವರ ಲೆಕ್ಕ ನನಗೆ ಗೊತ್ತಿತ್ತು. ಓಟು ರದ್ದಾದರೆ ಆ ಸ್ಥಾನಕ್ಕೆ ಮೇಲಿನವರೇ ಯಾರನ್ನಾದರೂ ನೇಮಿಸಿಬಿಡುತ್ತಾರೆ. ಯಾರನ್ನು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷಕ್ಕೆ ಕಾಲುವೆಯ ತನಕ ನಿಂತ ಆ ಸಾಲು ಅಡುಗೆಗೆ ಮನೆಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಅಧಿಕಾರಿ ಮೇಜಿಗೆ ಬಂದು ಕಾಗದ ಎಳೆದುಕೊಂಡರು. “ಕರೆಕ್ಟೇ. ಡಬ್ಬಿ ಮೇಲೆ ಕೈ ಮಾಡಿದಾರೆ. ಇಬ್ಬರ ಹೆಸರು ಬರೆದು, ಪೋಲೀಸರಿಗೆ ಕೊಟ್ಟು, ಪೋಲಿಂಗ್ ನಿಲ್ಲಿಸೋದೇ.” ನನ್ನ ಕಡೆ ನೋಡಿ, “ಆ ಮುದುಕಿ ಹೆಸರು ಹೇಳಯ್ಯಾ,” ಎಂದರು.

ಪಟ್ಟಿ ನನ್ನ ಕೈಯಲ್ಲಿತ್ತು. ಮೊದಲ ಗುರುತು ಹಾಕಿದ ಹೆಸರು ಆಕೆಯದೇ. ಬಾಗಿಲಲ್ಲಿ ಅಜ್ಜಿ ಏನೂ ತಿಳಿಯದೆ ನಿಂತಿದ್ದಳು. ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಡಬ್ಬಿಗೆ ಬಳಿದದ್ದೇನು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಅಧಿಕಾರಿಯ ಲೇಖನಿ ಮಸಿಯಲ್ಲಿ ಅದ್ದಿಯಾಗಿತ್ತು.

“ಸಾರ್, ಬರೀಬ್ಯಾಡ್ರಿ,” ಎಂದೆ. “ತಪ್ಪು ಅಕಿದಲ್ಲ. ಡಬ್ಬಿಗೆ ಹಚ್ಚಿದ್ದು ಬಣ್ಣ ಅಲ್ರಿ, ಸುಣ್ಣ. ಹಚ್ಚಿದಾಂವ ನಾನು. ಬಳ್ಳಾರಿ ಬಣ್ಣ ಬರಲಿಲ್ಲ, ನಿಮಗ ಹೇಳಲಿಲ್ಲ.”

ಅಧಿಕಾರಿ ಕನ್ನಡಕವನ್ನು ಮೇಲೆ ತಳ್ಳಿದರು. ಗುಮಾಸ್ತರು, “ಸುಳ್ಳು! ಹುಡುಗ ಅವರ ಕಡೆಯಾಂವ. ಅರಿಶಿನದಾಗ ಏನೋ ಕೆಂಪು ಕಲಸಿ ತಂದಾರ,” ಎಂದರು.

ನಾನು ಅವರ ಸೊಂಟದ ಅಡಿಕೆ ಚೀಲ ತೋರಿಸಿ, “ನಿಮ್ಮ ಸುಣ್ಣದ ಡಬ್ಬಿ ಒಂದೀಟು ಕೊಡ್ರಿ,” ಎಂದೆ. ಅವರು ಕೊಡುವ ಮೊದಲೇ ಅಧಿಕಾರಿ ಕೈ ಚಾಚಿದ್ದರು. ಹೆಬ್ಬೆರಳಲ್ಲಿ ಸುಣ್ಣ ತೆಗೆದು ನನ್ನ ಅಂಗೈಗೆ ಸವರಿದೆ. ಹಿತ್ತಾಳೆ ಬಟ್ಟಲಿನ ತಳದ ನೀರು ಎರಡು ಹನಿ ಬಿಟ್ಟೆ. ಎಲ್ಲರ ಕಣ್ಣ ಮುಂದೆ ನನ್ನ ಅಂಗೈ ಕೆಂಪಾಯಿತು.

ಬಾಗಿಲಲ್ಲಿದ್ದ ಅಜ್ಜಿಗೆ ಆಗ ವಿಷಯ ಹೊಳೆಯಿತು. ಹಣೆ ಹಣೆ ಚಚ್ಚಿಕೊಂಡು ನಕ್ಕಳು. “ಎಲಾ ಇವನ! ಸರ್ಕಾರದ ಡಬ್ಬಿಗೆ ಸುಣ್ಣ ಬಳದೀಯೇನೋ? ಅರಿಶಿನ ಸುಣ್ಣ ಕೂಡಿದ್ರ ಓಕುಳಿ ಆಗ್ತದ ಅಂತ ತೊಟ್ಟಿಲದ ಕೂಸಿಗೂ ಗೊತ್ತು. ನಿನ್ನ ಪುಸ್ತಕದಾಗ ಇರಲಿಲ್ಲೇನು?”

ಇರಲಿಲ್ಲ. ನಿಜವಾಗಿಯೂ ಇರಲಿಲ್ಲ. ಆದರೆ ಪುಸ್ತಕದಲ್ಲಿ ಇನ್ನೊಂದು ಇತ್ತು. ತಡೆಯಲಾಗದ ಕಾರಣ ಬಂದರೆ ಓಟನ್ನು ಕೆಲ ಹೊತ್ತು ನಿಲ್ಲಿಸಿ, ಕಾರಣ ಬರೆದಿಟ್ಟು, ಮತ್ತೆ ಮುಂದುವರಿಸಲು ಅಧಿಕಾರಿಗೆ ಅವಕಾಶವಿತ್ತು. ಓಟು ಹಾಕುವವರೇ ಡಬ್ಬಿ ಕೆಡಿಸಿದ್ದರೆ ಮಾತು ಬೇರೆ. ಕಚೇರಿಯದೇ ತಪ್ಪಾದರೆ ಕಚೇರಿಯೇ ತಿದ್ದಬೇಕು. ನಾನು ಪುಟ ತೆಗೆದು ಅವರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

“ನೀನು ಬರೆದು ಕೊಡ್ತೀಯಾ? ತಪ್ಪು ನಿಂದು ಅಂತ?”

“ಟೈಪ್ ಮಾಡಿ ಕೊಡ್ತೀನ್ರಿ.”

“ಕೆಲಸ ಹೋಗಬಹುದು.”

“ಹೋಗ್ಲಿ ಬಿಡ್ರಿ.”

ಉಳಿದ ತೊಡಕು, ಡಬ್ಬಿಯೊಳಗೆ ಆಗಲೇ ಬಿದ್ದ ಎರಡು ಚೀಟಿ. ಅಜ್ಜಿಯದು ಸಂಶಯವಿಲ್ಲ. “ಚೀಟಿ ಹಾಕಿದ ಮ್ಯಾಲ ಪೂಜಿ ಮಾಡೀನಿ. ನಾ ಹಾಕುವಾಗ ಡಬ್ಬಿ ಬೆಳ್ಳಗಿತ್ತು,” ಎಂದಳು. ಸೊಸೆ ಮಾತ್ರ ಸೆರಗು ಬಿಗಿಮಾಡಿಕೊಂಡು ನಿಂತಳು. “ನಾ ಹಾಕಬೇಕಾದಲ್ಲಿ ಹಾಕೀನಿ. ಎಲ್ಲಿ ಅಂತ ಹೇಳಂಗಿಲ್ಲ. ಗಂಡಗೂ ಹೇಳಬ್ಯಾಡ ಅಂತ ನೀವ ಹೇಳೀರಿ.” ಅವಳು ಹೇಳಿದ್ದು ಸರಿ. ಆದರೆ ಅವಳು ಒಳಗೆ ಹೋಗುವ ಹೊತ್ತಿಗೆ ಬಿಳಿ ಡಬ್ಬಿ ಆಗಲೇ ಕೆಂಪಾಗತೊಡಗಿತ್ತು, ಹಾಗಾಗಿ ಒಂದೇ ಒಂದು ಚೀಟಿ ಸಂಶಯದ್ದು. ಇಬ್ಬರು ಏಜೆಂಟರೂ ಒಪ್ಪಿ ಸಹಿ ಹಾಕಿದರೆ ಮುಂದುವರಿಸುತ್ತೇನೆ ಎಂದರು ಅಧಿಕಾರಿ. ಬಡಿಗೇರರ ತಮ್ಮ ತಕ್ಷಣ ಹೆಬ್ಬೆಟ್ಟು ಒತ್ತಿದರು. ಗುಮಾಸ್ತರು, “ಸಾವ್ಕಾರ್ರನ್ನ ಕೇಳದ ನಾ ಮಾಡಂಗಿಲ್ಲ,” ಎಂದು ಗಿರಣಿಗೆ ಆಳು ಓಡಿಸಿದರು.

ಸಾಹುಕಾರರು ಜಟಕಾದಲ್ಲಿ ಬಂದರು. ಇಸ್ತ್ರಿ ಮಾಡಿದ ಧೋತರ, ಜರಿ ಅಂಚಿನ ಶಲ್ಯ. ಆ ಓಣಿಗೆ ಜಟಕಾ ಬಂದದ್ದೇ ಅವತ್ತು ಮೊದಲು. ಬಿಸಿಲು ಏರುತ್ತಿತ್ತು. ಆದರೂ ಸಾಲು ಅಲುಗಿರಲಿಲ್ಲ. ಗುಮಾಸ್ತರು ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದಾಗ ಸಾಲಿನಿಂದ ಒಬ್ಬಾಕೆ, “ಯಾಕ್ರಿ ಸಾವ್ಕಾರ್ರ, ಅಂಜಿದ್ರೇನು?” ಎಂದಳು. ಹಿಂದಿನಿಂದ ಇನ್ನೊಬ್ಬಾಕೆ, “ಅವರಿಗೂ ಹಲ್ಲು ನೋಯಾಕತ್ತಿರಬೇಕು ಬಿಡವ್ವ,” ಎಂದಳು. ಕಾಲುವೆಯ ತನಕ ನಗೆ ಹರಿಯಿತು.

ಸಾಹುಕಾರರ ಮುಖ ಕೆಂಪಾಯಿತು, ಅರಿಶಿನ ಸುಣ್ಣ ಯಾವುದೂ ಇಲ್ಲದೆ. ಗುಮಾಸ್ತರನ್ನು ಪಕ್ಕಕ್ಕೆ ಸರಿಸಿದರು.

“ಎಷ್ಟು ಚೀಟಿ ಸಂಶಯ?”

“ಒಂದ್ರಿ.”

“ಒಂದು ಚೀಟಿ ಸಲುವಾಗಿ ನಾ ಓಟು ನಿಲ್ಲಸಿದೆ ಅಂತ ಊರ ಮಂದಿ ಆಡಿಕೊಳ್ಳಬೇಕೇನು? ನಡೀಲಿ. ಆದ್ರ ಬರ್ಕೋರಿ ಸಾಹೇಬರ, ಕೊನೀಗೆ ಒಂದ ಓಟಿನ ಫರಕು ಬಂದ್ರ, ಈ ಓಟು ರದ್ದು.”

ಬಡಿಗೇರರ ತಮ್ಮ ಒಪ್ಪಿದರು. ಅದನ್ನು ಬರೆದು, ಎಲ್ಲರ ಸಹಿ ಹೆಬ್ಬೆಟ್ಟು ಆಯಿತು. ನಾನು ಕಚೇರಿಗೆ ಓಡಿ ಟೈಪ್ ಮಾಡುವ ಬಿಳಿ ಹಾಳೆಗಳ ಒಂದು ದಸ್ತಾ ತಂದೆ. ಎದುರು ಮನೆಯವರು ಮಗ್ಗದ ನೂಲಿಗೆ ಹಾಕುವ ಗಂಜಿ ಕೊಟ್ಟರು. ಇಬ್ಬರು ಏಜೆಂಟರ ಮುಂದೆಯೇ, ಸೀಳು, ಬೀಗ, ಅರಗನ್ನು ಮುಟ್ಟದೆ, ಡಬ್ಬಿಯ ನಾಲ್ಕು ಮಗ್ಗುಲಿಗೂ ಮುಚ್ಚಳಕ್ಕೂ ಮೂರು ಮೂರು ಪದರ ಕಾಗದ ಅಂಟಿಸಿದೆ. ಮತ್ತೆ ಬಿಳಿ.

ಇನ್ನು ಪೂಜೆ. ಅಧಿಕಾರಿ, “ಎಲ್ಲರ ಬಟ್ಟಲೂ ಕಿತ್ತುಕೊಳ್ಳಿ,” ಎಂದರು. ಸಾಲು ನೋಡಿದೆ. ಒಬ್ಬೊಬ್ಬರ ಸೆರಗಿನ ಮರೆಯಲ್ಲೂ ಒಂದೊಂದು ಬಟ್ಟಲು, ಕುಂಕುಮದ ಭರಣಿ, ಹೂವು. ಕಿತ್ತುಕೊಂಡರೆ ಅರ್ಧ ಸಾಲು ಮನೆಗೆ ನಡೆಯುತ್ತಿತ್ತು. ಅಜ್ಜಿಯ ಹತ್ತಿರ ಹೋದೆ.

“ಅಜ್ಜಿ, ಡಬ್ಬಿಗೆ ಬ್ಯಾಡ. ಪೂಜಿ ಬಿಡ್ರಿ ಅಂತ ಹೇಳೂದಿಲ್ಲ. ಎಲ್ಲಿ ಮಾಡೂಣು, ನೀನ ಹೇಳು.”

ಅಜ್ಜಿ ಒಂದು ಕ್ಷಣ ಶಾಲೆಯ ಬಾಗಿಲು ನೋಡಿದಳು. “ಹೊಸ್ತಿಲ ಐತಲ್ಲ. ಒಳಗ ಹೋಗೂ ಮುಂದ ಹೊಸ್ತಿಲಕ್ಕ ಹಚ್ಚಿ, ಕೈ ತೊಳ್ಕೊಂಡು ಹೋಗ್ತಾರ. ಏ, ಕೇಳ್ರೇ ಎಲ್ಲಾರೂ!” ಒಂದು ಬಿಂದಿಗೆ ನೀರು ಬಂತು. ಅಜ್ಜಿ ತಾನೇ ಹೊಸ್ತಿಲ ಪಕ್ಕ ಕುಂತು ಒಬ್ಬೊಬ್ಬರ ಕೈ ಮೇಲೂ ನೀರು ಹಾಕಿದಳು. ಅವತ್ತು ಹೊತ್ತು ಇಳಿಯುವ ತನಕ ಆಕೆ ಅಲ್ಲಿಂದ ಏಳಲಿಲ್ಲ. ನಿಯಮದ ಪುಸ್ತಕದಲ್ಲಿ ಇಲ್ಲದ ಆ ಹುದ್ದೆಯನ್ನು ಆಕೆಗಿಂತ ಚೆನ್ನಾಗಿ ನಿಭಾಯಿಸುವವರು ಮದ್ರಾಸಿನಲ್ಲೂ ಸಿಗುತ್ತಿರಲಿಲ್ಲ. ಮಧ್ಯಾಹ್ನ ಗಾಡಿಯವರು ಕಂಪ್ಲಿಯಿಂದ ನೇರ ಎತ್ತು ಬಿಚ್ಚದೆ ಬಂದು ಸಾಲಿನಲ್ಲಿ ನಿಂತರು. ಪಟ್ಟಿಯಲ್ಲಿ ಗುರುತು ಹಾಕಿ ಹಾಕಿ ನನ್ನ ಪೆನ್ಸಿಲು ಮೋಟಾಯಿತು.

ಡಬ್ಬಿಗಳು ತಾಲ್ಲೂಕು ಖಜಾನೆಯಲ್ಲಿ ಬೀಗದೊಳಗೆ ಉಳಿದವು. ಮರುದಿನ ಬೆಳಿಗ್ಗೆ ಕೌನ್ಸಿಲ್ ಹಾಲಿನಲ್ಲಿ ಎಣಿಕೆ. ಕಿಟಕಿಯ ಸರಳುಗಳಿಗೆಲ್ಲ ಮುಖಗಳು. ಅರಗು ಸರಿಯಿದೆ ಎಂದು ಏಜೆಂಟರು ನೋಡಿದ ಮೇಲೆ ಅಧಿಕಾರಿ ಮೊದಲು ಕೆಂಪು, ಆಮೇಲೆ ಬಿಳಿ ಡಬ್ಬಿಯನ್ನು ಬೇರೆ ಬೇರೆ ಮೇಜಿನ ಮೇಲೆ ಸುರಿದರು. ಚೀಟಿಗಳ ಜೊತೆ ಮಲ್ಲಿಗೆ, ಬಿಲ್ವಪತ್ರೆ, ಕುಂಕುಮದ ಪೊಟ್ಟಣ ಬಿದ್ದವು. ಒಂದು ಬೇರೆ ಕಾಗದದಲ್ಲಿ ಯಾರೋ ಕಷ್ಟಪಟ್ಟು ‘ನಲ್ಲಿ’ ಎಂದಷ್ಟೇ ಬರೆದು ಹಾಕಿದ್ದರು. ಮುದ್ರೆ ಇಲ್ಲದ್ದರಿಂದ ಅದು ಓಟಲ್ಲ. ಅಧಿಕಾರಿ ಅದನ್ನು ಎಸೆಯಲಿಲ್ಲ. ಮಡಿಸಿ ಬದಿಗಿಟ್ಟರು.

ಬಹಳ ಚೀಟಿಗಳ ಮೇಲೆ ಹಳದಿ ಬೆರಳಿನ ಕಲೆ ಇತ್ತು. “ಗುರುತು ಮಾಡಿದ ಚೀಟಿ ನಡೆಯಂಗಿಲ್ಲ,” ಎಂದು ಗುಮಾಸ್ತರು ತಕರಾರು ತೆಗೆದರು.

ಅಧಿಕಾರಿ ಸಾಹುಕಾರರ ಮೇಜಿನ ಚೀಟಿಗಳನ್ನೂ ಎತ್ತಿ ತೋರಿಸಿದರು. “ಎಲ್ಲರದೂ ಹಳದಿ ಆದರೆ ಯಾರ ಗುರುತಯ್ಯಾ ಅದು? ನಿಮ್ಮವೂ ತೆಗೀಲಾ?” ಗುಮಾಸ್ತರು ಕುಂತರು.

ಮುದ್ರೆ ನೋಡಿ, ಬಿಡಿಸಿ, ಹತ್ತು ಹತ್ತರ ಕಟ್ಟು. ನಾನು ಕಟ್ಟುಗಳಿಗೆ ದಾರ ಹಾಕುತ್ತಿದ್ದೆ. ಎರಡು ಮೇಜಿನ ಮೇಲೂ ಕಟ್ಟುಗಳು ಸಾಲಾಗಿ ಬೆಳೆದವು, ಒಂದು ಸಲ ಇತ್ತ ಒಂದು ಹೆಚ್ಚು, ಒಂದು ಸಲ ಅತ್ತ. ಕೊನೆಗೆ ಎಣಿಸಿದರೆ ಎರಡೂ ಕಡೆ ಸಮ. ಉಳಿದದ್ದು ಬಿಡಿ ಚೀಟಿಗಳು. ನನಗೆ ಸೊಸೆಯ ಆ ಒಂದು ಚೀಟಿಯದೇ ಯೋಚನೆ. ಫರಕು ಒಂದೇ ಬಂದರೆ ಎಲ್ಲ ನೀರಿನಲ್ಲಿ ಹೋಮ, ಅದೂ ನನ್ನ ಒಂದು ಚೊಂಬು ಸುಣ್ಣದಿಂದ.

ಕೆಂಪಿನ ಬಿಡಿ ಚೀಟಿಗಳು ಮೂರು.

ಬಿಳಿಯವನ್ನು ಅಧಿಕಾರಿ ಒಂದೊಂದಾಗಿ ಇಟ್ಟರು. ಒಂದು, ಎರಡು, ಮೂರು. ನಾಲ್ಕು. ನಾನು ಕಣ್ಣು ಮುಚ್ಚಿದೆ. “ಐದು,” ಎಂದರು. ಆಮೇಲೆ ಆರು, ಏಳು, ಎಂಟು.

ಹೊರಗೆ ಎದ್ದ ಕೂಗಿಗೆ ಹಾಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಯಾರೋ ಬಡಿಗೇರರನ್ನು ಹೆಗಲ ಮೇಲೆ ಎತ್ತಿಕೊಂಡರು. ಅವರು ಮಾತ್ರ, “ಇಳಸ್ರಪಾ, ಬೀಳ್ತೀನಿ, ಗಾಲಿ ಪಟ್ಟಾ ಹಾಕೂದು ಅರ್ಧಕ್ಕ ನಿಂತೈತಿ,” ಎನ್ನುತ್ತಿದ್ದರು. ಅಜ್ಜಿ ಕಿಟಕಿಯ ಸರಳಿನೊಳಗಿಂದ ಕೈ ತೂರಿಸಿ ನನ್ನ ಗಲ್ಲ ಹಿಂಡಿದಳು. “ಬದುಕಿದಿ ನೋಡು!”

ಬದುಕಿದೆ. ಕೆಲಸ ಹೋಗಲಿಲ್ಲ. ಅಧಿಕಾರಿ ಹಂಪಿಗೆ ಹೊರಡುವ ಮುಂಚೆ ನನ್ನ ಮೇಲೆ ಎಚ್ಚರಿಕೆಯ ಪತ್ರ ಬರೆಸಿದರು. ಅದನ್ನು ಟೈಪ್ ಮಾಡಬೇಕಾದವನೂ ನಾನೇ. ‘ಮೇಲಧಿಕಾರಿಗೆ ತಿಳಿಸದೆ’ ಎಂಬಲ್ಲಿ ಒಂದು ತಪ್ಪು ಹೊಡೆದೆ. ಅಳಿಸಿ ಸರಿ ಮಾಡಿ, ಸಹಿಗೆ ಇಟ್ಟೆ. ಸಹಿ ಹಾಕುತ್ತ ಅವರು, “ಮುಂದಿನ ಸಲ ಬಣ್ಣ ಬರದಿದ್ದರೆ ಹೇಳು. ನಾನೇ ತರ್ತೀನಿ,” ಎಂದರು. ಮುಂದಿನ ಸಲ ಎಂದರಲ್ಲ, ನನಗೆ ಅಷ್ಟು ಸಾಕಾಯಿತು.

ಅದಾಗಿ ಒಂದೆರಡು ವಾರಕ್ಕೆ ಮನೆಪಟ್ಟಿಯ ಕೆಲಸದ ಮೇಲೆ ಕಾಲುವೆ ವಾರ್ಡಿಗೆ ಹೋಗಿದ್ದೆ. ಬೆಳಗಿನ ಹೊತ್ತು. ಓಣಿಯ ಆ ತುದಿಯಿಂದ ಯಾರೋ ಒಂದೊಂದೇ ಬಾಗಿಲ ಮುಂದೆ ನಿಲ್ಲುತ್ತ ಬರುತ್ತಿದ್ದರು. ಜಟಕಾ ಇಲ್ಲ, ಹಿಂದೆ ಗುಮಾಸ್ತರಿಲ್ಲ. ಜೋಡನ್ನು ಕೈಯಲ್ಲಿ ಹಿಡಿದು, ಕೆಸರು ದಾಟಿಕೊಂಡು ಬರುತ್ತಿದ್ದವರು ಗಿರಣಿಯ ಸಾಹುಕಾರರು. ಅಜ್ಜಿಯ ಮನೆ ಮುಂದೆ ನಿಂತರು. ಅಜ್ಜಿ ಸೊಪ್ಪು ಸೋಸುತ್ತಿದ್ದಳು.

“ಬರ್ರಿ ಸಾವ್ಕಾರ್ರ, ಕುಂದ್ರಿ. ದಾರಿ ತಪ್ಪಿ ಬಂದಿರೇನು?”

“ಇಲ್ಲವ್ವ,” ಎಂದರು ಸಾಹುಕಾರರು, ಧೋತರ ಎತ್ತಿ ಕಟ್ಟೆಯ ಮೇಲೆ ಕುಂದರುತ್ತ. “ಮುಂದಿನ ಓಟಿಗೆ ಇನ್ನೂ ಮೂರು ವರ್ಷ ಐತಿ. ಮನಿ ಭಾಳ ಅದಾವ. ಈಗಿಂದ ಶುರು ಮಾಡೀನಿ.”

ಅಜ್ಜಿ ಒಳಗೆ ತಿರುಗಿ ಸೊಸೆಗೆ ಕೂಗಿದಳು. “ಒಂದು ಚೊಂಬು ನೀರು ತಾರ. ಕಾಲುವಿದನ ಕೊಡು. ನಾವು ಏನು ಕುಡೀತೀವಿ ಅಂತ ಅವರಿಗೂ ತಿಳೀಲಿ.”

ಸಾಹುಕಾರರು ಚೊಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಳಗೆ ನೋಡಿದರು, ಅಜ್ಜಿಯನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಗಟಗಟನೆ ಕುಡಿದು ಮುಗಿಸಿದರು.